ಹಸುವಿನ ಹೊಟ್ಟೆ ಬೇರೆ, ನಮ್ಮ ಹೊಟ್ಟೆ ಬೇರೆ

(ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಆಡಿದ ಮಾತುಗಳು)



ಸಂಘ ಕಟ್ಟಿದ ಹಿರಿಯರ ಬಗ್ಗೆ, ಕಟ್ಟಡದ ಬಗ್ಗೆ, ಬೋನಸ್ಸಿನ ಬಗ್ಗೆ ನಮಗಿಂತ ಮುಂಚೆ ಮಾತಾಡಿದವರು ಚೆನ್ನಾಗಿ ಹೇಳಿದ್ದಾರೆ. ನಮಗೆ ಅಧ್ಯಕ್ಷರು ಕೊಟ್ಟ ವಿಷಯ 'ಆಹಾರ ಮತ್ತು ಜೀರ್ಣಕ್ರಿಯೆ'. ನಾವು ಓದಿದ್ದು ಎಸ್.ಎಸ್.ಎಲ್.ಸಿ. ತನಕ. ಆಮೇಲೆ ಕೊಟ್ಟಿಗೆಯೇ ನಮ್ಮ ಕಾಲೇಜು. ದನ ಕಟ್ಟಿ ಕಲಿತದ್ದು, ತರಬೇತಿ ಶಿಬಿರಗಳಲ್ಲಿ ಡಾಕ್ಟರುಗಳು ಹೇಳಿಕೊಟ್ಟದ್ದು, ಎರಡನ್ನೂ ಸೇರಿಸಿ ತಮ್ಮ ಮುಂದೆ ಇಡುತ್ತೇವೆ.

ಈ ವಿಷಯ ಈಗಲೇ ಯಾಕೆ ಅಂತ ಕೇಳಬಹುದು. ಕಾರಣ ಇದೆ. ಬೆಳ್ಳಿಹಬ್ಬದ ದಿನ ಊರಿಗೆಲ್ಲಾ ಊಟ. ಮುದ್ದೆ, ಅನ್ನ, ಪಾಯಸ, ಎಲ್ಲಾ ಕೊಪ್ಪರಿಗೆಗಟ್ಟಲೆ ಆಗುತ್ತೆ. ದೊಡ್ಡ ಅಡುಗೆ ಅಂದ ಮೇಲೆ ಮಿಗುವುದೂ ಖಂಡಿತ. ಮಿಕ್ಕಿದ್ದನ್ನು ಚೆಲ್ಲೋಕೆ ನಮ್ಮ ಹೆಣ್ಣುಮಕ್ಕಳಿಗೆ ಮನಸ್ಸು ಬರೋದಿಲ್ಲ. 'ಪಾಪ, ಬಾಯಿಲ್ಲದ ಪ್ರಾಣಿ ತಿನ್ನಲಿ' ಅಂತ ಬಕೆಟ್ಟಿಗೆ ತುಂಬಿಕೊಂಡು ಹೋಗಿ ಹಸುವಿನ ಮುಂದೆ ಇಡ್ತಾರೆ. ಆ ಬಕೆಟ್ಟಿನ ವಿಚಾರವಾಗಿಯೇ ಇವತ್ತು ನಾವು ನಿಂತಿರುವುದು.

ನಮ್ಮ ಭಾಗದ ಒಂದು ಊರಿನಲ್ಲಿ ಬೀಗರ ಊಟದ ಮಾರನೇ ದಿನ ಹೀಗೇ ಆಯಿತು. ದಿನಕ್ಕೆ ಹನ್ನೆರಡು ಲೀಟರ್ ಕರೆಯುವ ಹಸು. ಮನೆಯ ತಾಯಿ ಪ್ರೀತಿಯಿಂದಲೇ ಎರಡು ಬಕೆಟ್ ಅನ್ನ ಇಟ್ಟಳು, ಹಸುವೂ ಪ್ರೀತಿಯಿಂದಲೇ ತಿಂದಿತು. ಸಂಜೆಗೆ ಮೆಲುಕು ನಿಂತಿತು, ಬೆಳಿಗ್ಗೆ ಎದ್ದು ನಿಲ್ಲಲಿಲ್ಲ, ಎರಡನೇ ದಿನ ಸತ್ತಿತು. ಹಸು ತರಲು ಮಾಡಿದ ಸಾಲ ಹಾಗೇ ಉಳಿಯಿತು. ಯಾರೋ ಕಣ್ಣು ಹಾಕಿದರು ಅಂದರು, ಯಾರೋ ಮಾಟ ಅಂದರು. ಕಣ್ಣೂ ಅಲ್ಲ, ಮಾಟವೂ ಅಲ್ಲ. ನಮ್ಮ ಹೊಟ್ಟೆಯ ಲೆಕ್ಕದಲ್ಲಿ ಹಸುವಿನ ಹೊಟ್ಟೆಯನ್ನು ಅಳೆದದ್ದೇ ಅಲ್ಲಿ ಆದ ಕೆಡುಕು.

ಬಂಧುಗಳೇ, ಮೊದಲು ಬಾಯಿಂದ ಶುರು ಮಾಡೋಣ. ಪ್ರಾಯದ ಮನುಷ್ಯನಿಗೆ 32 ಹಲ್ಲು. ಬೆಳೆದ ಹಸುವಿಗೂ 32 ಹಲ್ಲೇ. ಆದರೆ ಹಸುವಿನ ಮೇಲ್ದವಡೆಯ ಮುಂಭಾಗದಲ್ಲಿ ಒಂದು ಹಲ್ಲೂ ಇಲ್ಲ, ಅಲ್ಲಿರೋದು ಗಟ್ಟಿಯಾದ ಒಸಡು. ಕೆಳಗೆ ಎಂಟು ಹಲ್ಲು. ಅದಕ್ಕೇ ಸಂತೆಯಲ್ಲಿ ವಯಸ್ಸು ನೋಡುವವರು ಕೆಳದವಡೆ ಮಾತ್ರ ನೋಡ್ತಾರೆ. ಹಸು ಹುಲ್ಲನ್ನು ನಾಲಿಗೆಯಿಂದ ಸುತ್ತಿ ಎಳೆದು, ಅರೆಬರೆ ಅಗಿದು ನುಂಗಿಬಿಡುತ್ತೆ. ಅಗಿಯುವ ಕೆಲಸವನ್ನು ಆಮೇಲೆ ನಿಧಾನವಾಗಿ ಮಾಡುತ್ತೆ. ನಮಗೆ ಆ ಸೌಕರ್ಯ ಇಲ್ಲ. ಒಂದು ಸಲ ನುಂಗಿದರೆ ಮುಗಿಯಿತು.

ನಮ್ಮ ಬಾಯಲ್ಲಿ ದಿನಕ್ಕೆ ಒಂದರಿಂದ ಒಂದೂವರೆ ಲೀಟರ್ ಜೊಲ್ಲು ಬರುತ್ತದೆ. ಅದರಲ್ಲಿರುವ ಒಂದು ರಸ ಅನ್ನದ ಗಂಜಿ ಅಂಶವನ್ನು ಸಕ್ಕರೆಯಾಗಿ ಒಡೆಯುತ್ತೆ. ಒಂದು ತುತ್ತು ಬರೀ ಅನ್ನವನ್ನು ಬಾಯಲ್ಲಿಟ್ಟು ಚೆನ್ನಾಗಿ ಅಗಿಯುತ್ತಾ ಇರಿ, ಸಿಹಿಯಾಗುತ್ತೆ. ಮುದ್ದೆಯನ್ನು ನಾವು ಅಗಿಯದೆ ನುಂಗ್ತೀವಿ, ಆದರೂ ಅರಗುತ್ತದಲ್ಲ ಅಂತ ಕೇಳಬಹುದು. ಅರಗುತ್ತೆ, ಯಾಕೆಂದರೆ ರಾಗಿಯನ್ನು ಮೊದಲೇ ಬೀಸಿ, ಕುದಿಸಿ, ಕೋಲು ಹಾಕಿ ತೊಳಸಿದ್ದೇವೆ. ಅರ್ಧ ಕೆಲಸ ಬೀಸೋಕಲ್ಲು ಮಾಡಿತು, ಇನ್ನರ್ಧ ಒಲೆ ಮಾಡಿತು. ಮನುಷ್ಯನಿಗೆ ಒಲೆಯೇ ಮೊದಲನೇ ಹೊಟ್ಟೆ ಎಂದರೂ ತಪ್ಪಿಲ್ಲ.

ಆಮೇಲೆ ಆಹಾರ ಹೊಟ್ಟೆಗೆ ಇಳಿಯುತ್ತೆ. ಅಲ್ಲಿ ಏನಾಗುತ್ತದೆ ಎಂಬುದು ಲೋಕಕ್ಕೆ ಸ್ಪಷ್ಟವಾಗಿ ತಿಳಿದದ್ದು ಒಂದು ಅಪಘಾತದಿಂದ. 1822ರ ಜೂನ್ 6ರಂದು ಅಮೆರಿಕದ ಮ್ಯಾಕಿನಾಕ್ ಎಂಬ ದ್ವೀಪದಲ್ಲಿ, ತುಪ್ಪಳದ ಚರ್ಮ ಮಾರುವ ಅಂಗಡಿಯೊಂದರಲ್ಲಿ ಬಂದೂಕು ಸಿಡಿದು ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಯುವಕ ಕೂಲಿಯಾಳಿನ ಹೊಟ್ಟೆಗೆ ಬಿತ್ತು. ಸೈನ್ಯದ ಡಾಕ್ಟರು ವಿಲಿಯಂ ಬೋಮಾಂಟ್ ಅವನಿಗೆ ಔಷಧಿ ಮಾಡಿದರು. ಪ್ರಾಣ ಉಳಿಯಿತು, ಆದರೆ ಹೊಟ್ಟೆಯ ತೂತು ಮುಚ್ಚಲಿಲ್ಲ. 1825ರಿಂದ ಆ ಡಾಕ್ಟರು ಮಾಂಸ, ರೊಟ್ಟಿ, ಕೋಸಿನ ಚೂರುಗಳನ್ನು ರೇಷ್ಮೆ ದಾರಕ್ಕೆ ಕಟ್ಟಿ ಆ ತೂತಿನಿಂದ ಒಳಗೆ ಬಿಟ್ಟು, ಗಂಟೆಗೊಮ್ಮೆ ಹೊರಗೆಳೆದು ಯಾವುದು ಎಷ್ಟು ಕರಗಿದೆ ಅಂತ ನೋಡಿದರು. ಹೊಟ್ಟೆಯ ರಸವನ್ನು ಹೊರಗೆ ತೆಗೆದು ಸೀಸೆಯಲ್ಲಿ ಬೆಚ್ಚಗಿಟ್ಟರೆ ಅದರಲ್ಲೂ ಮಾಂಸ ಕರಗಿತು. 1833ರಲ್ಲಿ ಇದನ್ನೆಲ್ಲಾ ಪುಸ್ತಕ ಮಾಡಿದರು. ಸೇಂಟ್ ಮಾರ್ಟಿನ್ ಆ ತೂತಿನೊಡನೆಯೇ 1880ರ ತನಕ ಬದುಕಿದ್ದ. ಆ ಬಡಪಾಯಿಯ ಹೊಟ್ಟೆಯಿಂದ ಲೋಕಕ್ಕೆ ವಿದ್ಯೆ ಬಂತು.

ತಿಳಿದು ಬಂದದ್ದೇನೆಂದರೆ, ನಮ್ಮ ಹೊಟ್ಟೆ ಒಂದು ಆಮ್ಲದ ಚೀಲ. ಮುಖ್ಯವಾಗಿ ಮಾಂಸ, ಬೇಳೆ, ಮೊಟ್ಟೆಯಲ್ಲಿರುವ ಪ್ರೋಟೀನನ್ನು ಅರಗಿಸಲು ಅದು ಶುರು ಮಾಡುತ್ತೆ. ಮುಂದೆ ಸುಮಾರು 20 ಅಡಿ ಉದ್ದದ ಸಣ್ಣ ಕರುಳಿನಲ್ಲಿ ಪಿತ್ತರಸ ಮತ್ತು ಬೇರೆ ರಸಗಳು ಸೇರಿ ಉಳಿದದ್ದನ್ನು ಅರಗಿಸಿ ರಕ್ತಕ್ಕೆ ಕೊಡುತ್ತವೆ. ದೊಡ್ಡ ಕರುಳು ನೀರು ಹೀರಿಕೊಳ್ಳುತ್ತೆ. ಆದರೆ ಹುಲ್ಲು, ಸೊಪ್ಪಿನ ನಾರನ್ನು ಒಡೆಯುವ ರಸ ನಮ್ಮ ದೇಹದಲ್ಲಿ ಹುಟ್ಟುವುದೇ ಇಲ್ಲ. ಒಂದು ಕಂತೆ ರಾಗಿ ಹುಲ್ಲು ಕೊಟ್ಟರೆ ಎಂಥಾ ಜಟ್ಟಿಯೂ ಉಪವಾಸ ಸಾಯಬೇಕಾದೀತು.

ಇಲ್ಲಿ ಒಂದು ಆಶ್ಚರ್ಯ ಕೇಳಿ. ಆ ನಾರನ್ನು ಒಡೆಯುವ ರಸ ಹಸುವಿನ ದೇಹದಲ್ಲೂ ಹುಟ್ಟೋದಿಲ್ಲ! ಹಾಗಾದರೆ ಒಣಹುಲ್ಲು ಹಾಲಾಗೋದು ಹೇಗೆ?

ಹಸುವಿನ ಹೊಟ್ಟೆಯಲ್ಲಿ ನಾಲ್ಕು ಕೋಣೆ ಇವೆ. ಮೊದಲನೆಯದು ಎಲ್ಲಕ್ಕಿಂತ ದೊಡ್ಡದು, ಡಾಕ್ಟರುಗಳು ಅದಕ್ಕೆ ರೂಮೆನ್ ಅಂತಾರೆ. ನಾವು ಮೆಲುಕು ಚೀಲ ಅನ್ನೋಣ. ದೊಡ್ಡ ಎಚ್.ಎಫ್. ಹಸುವಿನಲ್ಲಿ ಅದು ನೂರು ಲೀಟರಿಗೂ ಮೇಲೆ ಹಿಡಿಯುತ್ತೆ. ಎಡ ಪಕ್ಕೆಯ ತುಂಬಾ ಇರೋದು ಅದೇ. ಎರಡನೆಯದರ ಒಳಗೋಡೆ ಜೇನು ಹಲ್ಲೆಯ ಹಾಗೆ. ಮೂರನೆಯದು ಪುಸ್ತಕದ ಹಾಳೆ ಜೋಡಿಸಿದ ಹಾಗೆ, ನೀರು ಹಿಂಡುವ ಜಾಗ. ನಾಲ್ಕನೆಯದು ಮಾತ್ರ ನಮ್ಮ ಹೊಟ್ಟೆಯಂತೆ ಆಮ್ಲ ಇರುವ ಹೊಟ್ಟೆ. ಅಂದರೆ ನಮಗೆ ಮೊದಲು ಬರುವ ಹೊಟ್ಟೆ ಹಸುವಿಗೆ ಕಡೆಯಲ್ಲಿ ಬರುತ್ತೆ. ಅದರ ಸಣ್ಣ ಕರುಳು ಸುಮಾರು 40 ಮೀಟರ್ ಉದ್ದ.

ಆ ಮೆಲುಕು ಚೀಲದಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮ ಜೀವಿಗಳು ಒಂದೊಂದು ಹನಿಯಲ್ಲೂ ಕೋಟಿಗಟ್ಟಲೆ ಇವೆ. ಹಾಲನ್ನು ಮೊಸರು ಮಾಡುವ ಹೆಪ್ಪಿನಲ್ಲಿ ಇಲ್ಲವೇ, ಆ ಥರದವು. ಹುಲ್ಲಿನ ನಾರನ್ನು ಒಡೆಯೋದು ಇವೇ. ಹಸುವಿನ ಅಡುಗೆ ಮನೆ ಅದರ ಹೊಟ್ಟೆಯ ಒಳಗೇ ಇದೆ, ಈ ಜೀವಿಗಳೇ ಅಡುಗೆಯವರು ಅಂತ ತಿಳಿಯಿರಿ. ನಾವು ಗೋದಲಿಗೆ ಹುಲ್ಲು ಹಾಕಿದರೆ ಅದು ಮೊದಲು ಉಣ್ಣೋಕೆ ಸಿಗೋದು ಹಸುವಿಗಲ್ಲ, ಆ ಅಡುಗೆಯವರಿಗೆ. ಅವು ನಾರನ್ನು ಹುದುಗಿಸಿ ಹುಳಿ ಪದಾರ್ಥಗಳನ್ನು ಮಾಡುತ್ತವೆ. ಅವೇ ರಕ್ತಕ್ಕೆ ಸೇರಿ ಹಸುವಿಗೆ ಬೇಕಾದ ಶಕ್ತಿಯ ದೊಡ್ಡ ಪಾಲನ್ನು ಕೊಡುತ್ತವೆ. ಹಾಲಿನ ಫ್ಯಾಟಿನ ದೊಡ್ಡ ಪಾಲು ಹುಟ್ಟೋದು ಒರಟು ಮೇವಿನ ನಾರಿನಿಂದ ಬಂದ ಹುಳಿಯಿಂದಲೇ. ಆದುದರಿಂದ ಒಣಹುಲ್ಲು ಕಡಿಮೆ ಮಾಡಿ ಹಿಂಡಿ, ಬೂಸ ಸುರಿದರೆ ಹಾಲು ಒಂದಿಷ್ಟು ಏರಿದರೂ ಫ್ಯಾಟು ಇಳಿಯುತ್ತೆ. ಡೈರಿ ಮುಂದೆ 'ಮಿಷನ್ ಸರಿಯಿಲ್ಲ' ಅಂತ ಜಗಳ ಆಡುವ ಮುಂಚೆ ಗೋದಲಿಯಲ್ಲಿ ಏನಿದೆ ಅಂತ ನೋಡಬೇಕು.

ಇನ್ನೂ ಒಂದು ವಿಶೇಷ. ಕೆಲಸ ಮುಗಿಸಿದ ಆ ಜೀವಿಗಳು ಮೇವಿನ ಜೊತೆಯಲ್ಲೇ ಹರಿದು ನಾಲ್ಕನೇ ಹೊಟ್ಟೆಗೆ ಬಂದಾಗ ಹಸು ಅವುಗಳನ್ನೇ ಅರಗಿಸಿಕೊಳ್ಳುತ್ತೆ. ಹಸುವಿಗೆ ಸಿಗುವ ಒಳ್ಳೆಯ ಪ್ರೋಟೀನು ಅದು. ಹೀಗೆ ಮನುಷ್ಯನಿಗೆ ಯಾತಕ್ಕೂ ಬಾರದ ಹುಲ್ಲು ಮಕ್ಕಳು ಕುಡಿಯುವ ಹಾಲಾಗುತ್ತೆ.

ಈ ಹುದುಗುವಿಕೆಯಲ್ಲಿ ಗ್ಯಾಸೂ ಹುಟ್ಟುತ್ತೆ. ಗೋಬರ್ ಗ್ಯಾಸ್ ಗುಂಡಿಯಲ್ಲಿ ಹುಟ್ಟುವ ಮೀಥೇನ್ ಇದರಲ್ಲೂ ಇರುತ್ತೆ. ಹಸು ಅದನ್ನು ತೇಗಿ ಹೊರಗೆ ಹಾಕುತ್ತೆ. ಎಳೆಯ ಹಸಿರು ಅಲಸಂದೆ, ಕುದುರೆ ಮೆಂತ್ಯೆಯಂಥ ಮೇವನ್ನು ಹಸಿದ ಹೊಟ್ಟೆಗೆ ಒಮ್ಮೆಲೇ ತಿಂದರೆ ಒಳಗೆ ನೊರೆ ಕಟ್ಟಿ ತೇಗು ಬರೋದಿಲ್ಲ. ಅದೇ ಹೊಟ್ಟೆ ಉಬ್ಬರ. ಮೊದಲು ಸ್ವಲ್ಪ ಒಣಹುಲ್ಲು ತಿನ್ನಿಸಿ, ಆಮೇಲೆ ಹಸಿರು ಕೊಡುವುದು ಇದಕ್ಕೇ.

ಒಳಗೆ ಹೀಗೆಲ್ಲಾ ನಡೆಯುತ್ತೆ ಅಂತ ಹೇಗೆ ಗೊತ್ತಾಯಿತು ಎಂದು ಕೇಳುವವರಿಗೆ, ಆ ಅಮೆರಿಕದ ಕೂಲಿಯಾಳಿನ ಕತೆಯೇ ಉತ್ತರ. ಈಗ ಸಂಶೋಧನಾ ಕೇಂದ್ರಗಳಲ್ಲಿ ಅರಿವಳಿಕೆ ಕೊಟ್ಟು ಆಪರೇಷನ್ ಮಾಡಿ ಹಸುವಿನ ಎಡ ಪಕ್ಕೆಗೆ ಮುಚ್ಚಳ ಇರುವ ಒಂದು ಕಿಂಡಿ ಇಡ್ತಾರೆ. ಸಣ್ಣ ನೈಲಾನ್ ಚೀಲದಲ್ಲಿ ಮೇವು ತುಂಬಿ ಒಳಗಿಟ್ಟು, ಹೊತ್ತು ನೋಡಿ ಹೊರಗೆ ತೆಗೆದು, ಎಷ್ಟು ಅರಗಿತು ಅಂತ ತೂಕ ಮಾಡ್ತಾರೆ. ರೇಷ್ಮೆ ದಾರದ ಬದಲು ನೈಲಾನ್ ಚೀಲ ಬಂತು, ಅಷ್ಟೇ.

ಇನ್ನು ಮೆಲುಕು. ಆರಾಮಾಗಿ ಮಲಗಿದ ಹಸು ನುಂಗಿದ ಮೇವನ್ನು ಉಂಡೆ ಉಂಡೆಯಾಗಿ ಬಾಯಿಗೆ ತಂದುಕೊಂಡು ಒಂದೊಂದು ಉಂಡೆಯನ್ನೂ 50-60 ಸಲ ಅಗಿಯುತ್ತೆ. ದಿನಕ್ಕೆ ಏಳೆಂಟು ಗಂಟೆ ಅದೇ ಕೆಲಸ. ಸೋಮಾರಿ ಅಂತ ಎಬ್ಬಿಸಬೇಡಿ, ಹಾಲು ತಯಾರಾಗ್ತಾ ಇದೆ ಅಂತ ತಿಳಿಯಿರಿ. ಹಾಗೆ ಅಗಿಯುವಾಗ ದೊಡ್ಡ ಹಸುವಿನ ಬಾಯಲ್ಲಿ ದಿನಕ್ಕೆ ನೂರು ಲೀಟರಿಗೂ ಮೇಲೆ ಜೊಲ್ಲು ಬರುತ್ತೆ. ಆ ಜೊಲ್ಲಿನಲ್ಲಿ ಇರುವುದು ನಮ್ಮ ಅಡಿಗೆ ಸೋಡಾದ ಅಂಶವೇ. ಚೀಲದಲ್ಲಿ ಹುಳಿ ಹೆಚ್ಚಾಗದಂತೆ ಅದು ಕಾಯುತ್ತೆ. ಒರಟು ಮೇವು ಇದ್ದರೆ ಮೆಲುಕು, ಮೆಲುಕು ಇದ್ದರೆ ಜೊಲ್ಲು, ಜೊಲ್ಲು ಇದ್ದರೆ ಹುಳಿ ಹದದಲ್ಲಿ. ಇದೊಂದು ತಿಳಿದರೆ ಅರ್ಧ ಡಾಕ್ಟರ್ ಆದ ಹಾಗೆ.

ಈಗ ಅನ್ನದ ಬಕೆಟ್ಟಿಗೆ ಬರೋಣ. ಅನ್ನ ಬೆಂದದ್ದು, ಮೆತ್ತಗಿನದು. ಅದಕ್ಕೆ ಮೆಲುಕೂ ಬೇಡ, ಜೊಲ್ಲೂ ಬರೋಲ್ಲ. ಒಲೆಯ ಮೇಲೆ ಒಮ್ಮೆ ಬೆಂದದ್ದು ಹಸುವಿನ ಹೊಟ್ಟೆಯಲ್ಲಿ ಹೋಗಿ ಮತ್ತೆ ಬಹಳ ಬೇಗ ಹುದುಗುತ್ತೆ. ದೋಸೆ ಹಿಟ್ಟು ಬೇಸಿಗೆಯಲ್ಲಿ ಹುಳಿ ಹೆಚ್ಚಾಗಿ ಪಾತ್ರೆಯಿಂದ ಉಕ್ಕಿ ಬರುತ್ತದಲ್ಲ, ಅದೇ ರೀತಿ. ನಾರು ಒಡೆಯುವ ಒಳ್ಳೆಯ ಜೀವಿಗಳು ಆ ಹುಳಿಗೆ ಸಾಯುತ್ತವೆ, ಹುಳಿ ಮಾಡುವವೇ ಬೆಳೆಯುತ್ತವೆ. ದೇಹದ ನೀರೆಲ್ಲಾ ಚೀಲಕ್ಕೆ ಇಳಿಯುತ್ತೆ, ಹುಳಿ ರಕ್ತಕ್ಕೆ ಸೇರುತ್ತೆ. ಮೆಲುಕು ನಿಲ್ಲೋದು, ಹೊಟ್ಟೆ ಬಿಗಿಯೋದು, ಹುಳಿ ವಾಸನೆಯ ತೆಳ್ಳನೆ ಸಗಣಿ, ಕಣ್ಣು ಗುಳಿ ಬೀಳೋದು, ತೂರಾಡೋದು, ಕಡೆಗೆ ಮಲಗಿಬಿಡೋದು. ಒಂದೆರಡು ದಿನದಲ್ಲೇ ಪ್ರಾಣ ಹೋಗಬಹುದು. ಅನ್ನ ಮಾತ್ರ ಅಲ್ಲ, ಪಾಯಸ, ಹಿಟ್ಟು, ಕಣದಲ್ಲಿ ಹಗ್ಗ ಬಿಚ್ಚಿಕೊಂಡು ತಿಂದ ರಾಗಿ, ಜೋಳದ ಕಾಳು ಎಲ್ಲದಕ್ಕೂ ಇದೇ ಪರಿಣಾಮ. ಎಮ್ಮೆ, ಕುರಿ, ಮೇಕೆಗಳೂ ಮೆಲುಕು ಹಾಕುವ ಜಾತಿಯೇ, ಅವಕ್ಕೂ ಇದೇ ಅಪಾಯ.

'ನಮ್ಮ ಅಜ್ಜಿ ಕಾಲದಿಂದ ಕಲಗಚ್ಚು ಇಡ್ತಾ ಇದ್ದೀವಿ, ಏನೂ ಆಗಿಲ್ಲ' ಅಂತ ತಾಯಂದಿರು ಹೇಳುತ್ತಾರೆ. ನಿಜ. ಕಲಗಚ್ಚಿನ ಬಾನಿಯಲ್ಲಿ ದಿನಾ ಹೋಗುವ ಒಂದು ಹಿಡಿ ಅನ್ನಕ್ಕೆ ಹಸುವಿನ ಹೊಟ್ಟೆ ಒಗ್ಗಿಕೊಂಡಿರುತ್ತೆ. ಅಭ್ಯಾಸವಿಲ್ಲದ್ದನ್ನು ಒಂದೇ ಸಲ ಬಕೆಟ್ಟುಗಟ್ಟಲೆ ಇಡೋದೇ ವಿಷ.

ಹಾಗಾದರೆ ನಾವು ಮಾಡಬೇಕಾದ್ದೇನು? ಕೆಲವೇ ಮಾತು ಹೇಳುತ್ತೇವೆ.

ಒಂದನೆಯದು, ಮೇವು ಬದಲಾಯಿಸುವಾಗ ಆತುರ ಬೇಡ. ಹೊಸ ಹಿಂಡಿಯಾಗಲಿ, ಹೊಸ ಹಸಿರು ಮೇವಾಗಲಿ, ದಿನಕ್ಕೆ ಇಷ್ಟಿಷ್ಟು ಹೆಚ್ಚಿಸುತ್ತಾ ಹತ್ತು ಹದಿನೈದು ದಿನ ತೆಗೆದುಕೊಳ್ಳಿ. ಅಡುಗೆಯವರು ಹೊಸ ಅಡುಗೆ ಕಲಿಯೋಕೆ ಅಷ್ಟು ದಿನ ಬೇಕು.

ಎರಡನೆಯದು, ಪಶು ಆಹಾರಕ್ಕೆ ಲೆಕ್ಕ ಇಡಿ. ಹಸುವಿನ ಮೈ ಸಾಕಲು ದಿನಕ್ಕೆ ಒಂದರಿಂದ ಒಂದೂವರೆ ಕೆ.ಜಿ., ಅದರ ಮೇಲೆ ಎರಡೂವರೆ ಲೀಟರ್ ಹಾಲಿಗೆ 1 ಕೆ.ಜಿ. ಎಮ್ಮೆಗೆ ಎರಡು ಲೀಟರಿಗೆ 1 ಕೆ.ಜಿ. ಅದನ್ನೂ ಒಂದೇ ಹೊತ್ತು ಸುರಿಯದೆ ಎರಡು ಮೂರು ಸಲ ಹಂಚಿ ಕೊಡಿ. ನೀರು ಸದಾ ಮುಂದಿರಲಿ. ಹಾಲು ಕೊಡುವ ಸೀಮೆ ಹಸು ದಿನಕ್ಕೆ 60-70 ಲೀಟರ್ ಕುಡಿಯುತ್ತೆ, ಬೇಸಿಗೆಯಲ್ಲಿ ಇನ್ನೂ ಹೆಚ್ಚು.

ಮೂರನೆಯದು, ಕರುವಿನ ಹೊಟ್ಟೆ ಮತ್ತೂ ಬೇರೆ. ಹುಟ್ಟಿದ ಕರುವಿಗೆ ಮೆಲುಕು ಚೀಲ ಇನ್ನೂ ಬೆಳೆದಿರೋದಿಲ್ಲ. ಅದು ಕುಡಿದ ಹಾಲು ಒಂದು ಕಾಲುವೆಯ ಮೂಲಕ ನೇರ ನಾಲ್ಕನೇ ಹೊಟ್ಟೆಗೆ ಹೋಗುತ್ತೆ. ಗಿಣ್ಣು ಹಾಲಿನ ರೋಗ ತಡೆಯುವ ಶಕ್ತಿಯನ್ನು ಕರುಳು ಹಾಗೇ ಹೀರಿಕೊಳ್ಳುವುದು ಮೊದಲ ಒಂದು ದಿನ ಮಾತ್ರ, ಅದೂ ಗಂಟೆ ಗಂಟೆಗೆ ಕಡಿಮೆಯಾಗುತ್ತೆ. ಸತ್ತೆ ಬೀಳಲಿ ಅಂತ ಕಾಯಬೇಡಿ, ಹುಟ್ಟಿದ ಒಂದೆರಡು ಗಂಟೆಯೊಳಗೆ ಗಿಣ್ಣು ಹಾಲು ಕುಡಿಸಿ. ಗಿಣ್ಣು ಮಾಡಿ ನೆಂಟರಿಗೆ ಹಂಚೋದು ಕರುವಿನ ಪಾಲು ಮುಗಿದ ಮೇಲೆ.

ನಾಲ್ಕನೆಯದು, ಹಸು ಅಗಿಯದೆ ನುಂಗುತ್ತೆ ಅಂದೆವಲ್ಲ, ಅದರಿಂದ ಮೊಳೆ, ತಂತಿ ಚೂರು, ಪ್ಲಾಸ್ಟಿಕ್ ಕವರು ಎಲ್ಲವೂ ಒಳಗೆ ಹೋಗುತ್ತೆ. ಭಾರದ ಮೊಳೆ ಆ ಜೇನು ಹಲ್ಲೆಯಂಥ ಎರಡನೇ ಕೋಣೆಯಲ್ಲಿ ಕೂರುತ್ತೆ. ಹೃದಯ ಅದರ ಮುಂದೆಯೇ ಇರೋದು. ಮೊಳೆ ಚುಚ್ಚಿ ಹೃದಯಕ್ಕೆ ತಗುಲಿ ಸತ್ತ ಹಸುಗಳಿವೆ. ಪ್ಲಾಸ್ಟಿಕ್ಕು ಯಾವ ಜೀವಿಗೂ ಒಡೆಯೋಕೆ ಬರೋದಿಲ್ಲ, ಗಂಟಾಗಿ ಅಲ್ಲೇ ಉಳಿಯುತ್ತೆ. ಉಳಿದ ಊಟವನ್ನು ಕವರಿಗೆ ಕಟ್ಟಿ ಬೀದಿಗೆ ಎಸೆಯುವವರು ದಯವಿಟ್ಟು ಇದನ್ನು ನೆನಪಿಡಬೇಕು.

ಐದನೆಯದು, ಕಾಯಿಲೆಯನ್ನು ಬೇಗ ಕಂಡುಹಿಡಿಯುವುದು. ಎಡ ಪಕ್ಕೆಯ ಹಿಂದಿರುವ ಗುಳಿಗೆ ಮುಷ್ಟಿ ಒತ್ತಿ ನಿಂತುಕೊಳ್ಳಿ. ಚೀಲ ಎದ್ದು ನಿಮ್ಮ ಕೈಯನ್ನು ನಿಮಿಷಕ್ಕೆ ಒಂದೆರಡು ಸಲ ತಳ್ಳಬೇಕು. ತಳ್ಳದಿದ್ದರೆ, ಮೆಲುಕು ನಿಂತಿದ್ದರೆ, ಸಂಜೆ ತನಕ ಕಾಯದೆ ಡಾಕ್ಟರಿಗೆ ಹೇಳಿ. 1962ಕ್ಕೆ ಫೋನ್ ಮಾಡಿದರೆ ಸರ್ಕಾರದ ಸಂಚಾರಿ ಪಶು ಚಿಕಿತ್ಸಾ ವಾಹನ ಸಿಗುತ್ತದೆ. ಏನು ತಿಂದಿದೆ, ಎಷ್ಟು ತಿಂದಿದೆ, ಯಾವಾಗ ತಿಂದಿದೆ ಅಂತ ಮುಚ್ಚಿಡದೆ ಹೇಳಿ. ಅನ್ನ ಇಟ್ಟದ್ದನ್ನು ನಾಚಿಕೆಗೆ ಮುಚ್ಚಿಟ್ಟರೆ ಔಷಧಿ ದಾರಿ ತಪ್ಪುತ್ತೆ. ಡಾಕ್ಟರು ಬರುವ ಮುಂಚೆ ತಲೆ ಎತ್ತಿ ನಾಲಿಗೆ ಎಳೆದು ಗೊಟ್ಟದಲ್ಲಿ ಎಣ್ಣೆ, ಕಷಾಯ ಸುರಿಯಬೇಡಿ. ಶ್ವಾಸಕೋಶಕ್ಕೆ ಇಳಿದರೆ ಒಂದು ಕಾಯಿಲೆ ಎರಡಾಗುತ್ತೆ.

ಕಡೆಯದಾಗಿ ನಮ್ಮ ಬೆಳ್ಳಿಹಬ್ಬದ ಊಟ. ನಾವು ಆಡಳಿತ ಮಂಡಳಿಯವರು ಮಾತಾಡಿಕೊಂಡಿದ್ದೇವೆ. ಶಾಮಿಯಾನದ ಹಿಂದೆ ಒಂದು ಗುಂಡಿ ತೋಡಿಸುತ್ತೇವೆ. ಎಂಜಲು, ಕೆಟ್ಟ ಅಡುಗೆ ಅಲ್ಲಿಗೆ ಹೋಗಲಿ, ಮೇಲೆ ಸಗಣಿ ಮಣ್ಣು ಹಾಕಿದರೆ ಗೊಬ್ಬರ ಆಗುತ್ತೆ. ಚೆನ್ನಾಗಿರುವ ಅಡುಗೆ ಬಿಸಿಯಿರುವಾಗಲೇ ಮನುಷ್ಯರಿಗೆ ಹಂಚೋಣ. ಗೋಬರ್ ಗ್ಯಾಸ್ ಇರುವವರು ಸ್ವಲ್ಪ ಸ್ವಲ್ಪವಾಗಿ ಗುಂಡಿಗೆ ಹಾಕಿಕೊಳ್ಳಬಹುದು. ಅಲ್ಲೂ ಅದೇ ಜಾತಿಯ ಜೀವಿಗಳು, ಅಲ್ಲೂ ಒಮ್ಮೆಲೇ ಹಾಕಿದರೆ ಹುಳಿಯಾಗಿ ಗ್ಯಾಸು ನಿಲ್ಲುತ್ತೆ! ಪ್ಲಾಸ್ಟಿಕ್ ಲೋಟ ಬೇಡ, ಸ್ಟೀಲ್ ಲೋಟ ಇಡೋಣ. ಆದರೆ ಒಂದು ಬಕೆಟ್ ಅನ್ನವೂ ಕೊಟ್ಟಿಗೆಗೆ ಹೋಗಕೂಡದು. ಹಬ್ಬದ ದಿನ ಹಸುವಿಗೂ ಏನಾದರೂ ಕೊಡಬೇಕು ಅನಿಸಿದರೆ ಮೈ ತೊಳೆದು, ಅರಿಶಿನ ಕುಂಕುಮ ಇಟ್ಟು, ಒಂದು ಹೊರೆ ಒಳ್ಳೆ ಸೀಮೆ ಹುಲ್ಲು ಹಾಕಿ, ತಣ್ಣನೆಯ ನೀರು ಇಡಿ. ಅದಕ್ಕೆ ಅದೇ ಹೋಳಿಗೆ ಊಟ.

ಬಂಧುಗಳೇ, ನಮ್ಮ ಸಂಘದ ಆಸ್ತಿ ಅಂದರೆ ಈ ಕಟ್ಟಡ, ಕ್ಯಾನು, ಮಿಷನ್ನು ಅಲ್ಲ. ನಿಮ್ಮ ನಿಮ್ಮ ಕೊಟ್ಟಿಗೆಯಲ್ಲಿ ಮಲಗಿ ಮೆಲುಕು ಹಾಕುತ್ತಿರುವ ಹಸುಗಳೇ ಸಂಘದ ಆಸ್ತಿ. ಈ ಮಾತುಗಳನ್ನು ಸ್ಮರಣ ಸಂಚಿಕೆಯಲ್ಲಿ ಅಚ್ಚು ಹಾಕಿಸುತ್ತೇವೆಂದು ಕಾರ್ಯದರ್ಶಿಗಳು ಹೇಳಿದ್ದಾರೆ. ಓದು ಬಂದ ಮಕ್ಕಳು ಮನೆಯ ಅಜ್ಜಿ ತಾತನಿಗೆ ಓದಿ ಹೇಳಬೇಕೆಂದು ವಿನಂತಿ. 

ಜೈ ಸಹಕಾರ, ಜೈ ಕರ್ನಾಟಕ.